ರಾಗಿ ತೆಗೆದೆ, ಬೀಡು ಹಾಕಿದೆ

"ಹದಿನೈದು ನಿಮಿಷ," ಎಂದ ಮರಿಬಸಪ್ಪ. "ಆಮ್ಯಾಲ ಶೆಡ್ಡಿಗೆ ಬೀಗ ಬೀಳತೈತಿ. ನೀನು ಒಳಗಿದ್ರೂ ಬೀಳತೈತಿ."

ಓಬಳೇಶ ತಿರುಗಿ ನೋಡಲಿಲ್ಲ. ನೋಡಿದ್ದರೆ ಕೈಯಲ್ಲಿದ್ದ ನಟ್ಟು ತಿರುವುವ ಪಾನಾ ಎಲ್ಲಿಗೆ ಹೋಗುತ್ತಿತ್ತೋ ಅವನಿಗೇ ಗೊತ್ತಿರಲಿಲ್ಲ. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಸುಣ್ಣದ ಮೇಲೆ ಅಂಗೈ ಆಡಿಸುತ್ತಿದ್ದ.

ಹತ್ತೊಂಬತ್ತು ದಿನದ ಹಿಂದೆ ಇದೇ ಶೆಡ್ಡಿನಲ್ಲಿ ಗಾಳಿ ಪೈಪು ಸಿಡಿದು, ಬಸ್ಸಿಗೆ ಬಣ್ಣ ಹೊಡೆಯುತ್ತಿದ್ದ ಚಂದ್ರಣ್ಣ ಸತ್ತಿದ್ದ. ಪೈಪು ಕೂಡಿಸಿದ ಫಿಟ್ಟರ್ ಸುಂಕಣ್ಣ, ಓಬಳೇಶನ ಒಡಹುಟ್ಟಿದ ಅಣ್ಣ, ಕೊಲೆಯ ಆಪಾದನೆ ಹೊತ್ತು ಜೈಲಿನಲ್ಲಿದ್ದ. ನಾಳೆ ಹನ್ನೊಂದು ಗಂಟೆಗೆ ಮ್ಯಾಜಿಸ್ಟ್ರೇಟರು ಕೇಸನ್ನು ಸೆಷನ್ಸಿಗೆ ಒಪ್ಪಿಸುವವರಿದ್ದರು. ಸೆಷನ್ಸ್ ಎಂದರೆ ಹಗ್ಗ. ಬಡವನಿಗಂತೂ ಹಗ್ಗವೇ.

ಕಂಟೋನ್ಮೆಂಟಿನಲ್ಲಿ ಬಸ್ಸಿನ ಧಣಿ ಮರಿಬಸಪ್ಪನ ಬಂಗಲೆಯ ಹಿಂದಿನ ಶೆಡ್ಡಿನಲ್ಲಿ ಒಂದು ಬಸ್ಸು, ಒಂದು ಕಾರು ನಿಲ್ಲುತ್ತಿದ್ದವು. ಮೂಲೆಯಲ್ಲಿ ಯುದ್ಧ ಮುಗಿದ ಮೇಲಿನ ಹರಾಜಿನಲ್ಲಿ ಕೊಂಡ ಕಂಪ್ರೆಸರು. ಪಕ್ಕದಲ್ಲಿ ಗಬ್ಬದ ಎಮ್ಮೆಯ ಹೊಟ್ಟೆಯಂಥ ಗಾಳಿ ಟ್ಯಾಂಕು. ಟ್ಯಾಂಕಿನಿಂದ ಹೊರಟು ಗೋಡೆಯುದ್ದಕ್ಕೂ ಹೋಗಬೇಕಾದ ಪೈಪಿಗೆ ಈಗ ನಡುವೇ ಇರಲಿಲ್ಲ. ಎರಡು ತುದಿಗಳು ಮಾತ್ರ ಕೊಕ್ಕೆಗಳಿಗೆ ಜೋತುಬಿದ್ದಿದ್ದವು.

ಓಬಳೇಶ ಒಂದು ತುದಿಯ ಒಡೆದ ಬಾಯಿಯನ್ನು ಹೆಬ್ಬೆರಳಿನಿಂದ ಉಜ್ಜಿದ. ಬೂದು ಬಣ್ಣ, ಸಕ್ಕರೆ ಹರಳಿನಂತೆ ಕಾಳು ಕಾಳು. ಬಾಗಿಲ್ಲ, ಹರಿದಿಲ್ಲ. ಮಣ್ಣಿನ ಗಡಿಗೆ ಒಡೆದಂತೆ ಒಡೆದಿದೆ. ಬೀಡು ಕಬ್ಬಿಣ. ಎಲ್ಲಿಂದಲೋ ಕಿತ್ತು ತಂದ ಹಳೇ ನೀರಿನ ಪೈಪು.

"ಧಣಿ, ಇದು ಬೀಡು."

"ಆತು. ಪೊಲೀಸ್ರೂ ಅದನ್ನ ಅಂದ್ರು."

"ನಮ್ಮಣ್ಣ ಗಾಳಿಗೆ ಬೀಡು ಹಾಕೋ ಮನಿಶ್ಯಾ ಅಲ್ಲ."

"ನಾನ ಹಾಕಿದೆ ಅಂತ ಅವನ ಅಂದಾನ. ನಿಮ್ಮಣ್ಣನ ಕೈ ಮಾಡಿದ್ದು ನಿಮ್ಮಣ್ಣಗಿಂತ ನಿನಗ ಜಾಸ್ತಿ ಗೊತ್ತೇನು?"

ಓಬಳೇಶನಿಗೆ ಬಿಡಿಸಲಾಗದ ಗಂಟು ಅದೇ. ಹಿಡಿದುಕೊಂಡು ಹೋದ ದಿನದಿಂದ ಸುಂಕಣ್ಣ "ನಾನ ಹಾಕಿದೆ" ಎಂಬ ಎರಡು ಶಬ್ದ ಬಿಟ್ಟು ಮೂರನೆಯದನ್ನು ಆಡಿರಲಿಲ್ಲ. ವಕೀಲರಿಗೂ ಇಲ್ಲ, ಕಟ್ಟಿಕೊಂಡ ಹೆಂಡತಿ ಹಂಪಕ್ಕನಿಗೂ ಇಲ್ಲ. ಸಾಯುವ ಮೊದಲ ವಾರ ಚಂದ್ರಣ್ಣನೂ ಅವನೂ ಬಣ್ಣ ಹೊಡೆಯುವ ಗನ್ನಿನ ಸಲುವಾಗಿ ಕೈ ಕೈ ಮಿಲಾಯಿಸಿದ್ದನ್ನು ನಾಲ್ಕು ಮಂದಿ ನೋಡಿದ್ದರು. ಪೊಲೀಸರಿಗೆ ಅಷ್ಟು ಸಾಕಾಗಿತ್ತು. ಬಂಗಲೆಯವನ ಶೆಡ್ಡಿನಲ್ಲಿ ಹೆಣ ಬಿದ್ದರೆ ಕೈಕೋಳಕ್ಕೆ ಫಿಟ್ಟರನ ಕೈ ಎಷ್ಟು ಬೇಗ ಸರಿಹೊಂದುತ್ತದೆ ನೋಡಿ.

ಪೈಪು ಆರಿಸಿದ ದಿನ ಓಬಳೇಶ ಅಲ್ಲೇ ಇದ್ದ. ಮೂರು ವರ್ಷದ ಹಿಂದಿನ ಮಾತು. ಬಂಗಲೆಯ ಕಟ್ಟೆಯ ಮೇಲೆ ಸುಂಕಣ್ಣ ನಾಲ್ಕು ತುಂಡು ಪೈಪು ಸಾಲಾಗಿ ಇಟ್ಟು, ಒಂದೊಂದನ್ನೂ ಪಾನಾದಿಂದ ಬಡಿದು ಧಣಿಗೆ ಸದ್ದು ಕೇಳಿಸಿದ್ದ.

"ಇದು ಕರೇ ಪೈಪು. ಗಟ್ಟಿ ಐತಿ. ಆದ್ರ ಒಳಗ ತುಕ್ಕು ಹಿಡೀತೈತಿ. ನಿಮ್ಮ ಬಸ್ಸಿಗೆ ಬಣ್ಣ ಹೊಡದ್ರ ಬಣ್ಣದ ಕೂಡ ಕೆಂಪು ನೀರು ಉಗುಳತೈತಿ. ಇದು ಬಿಳೇದು, ಸತುವಿನ ಲೇಪ ಕೊಟ್ಟಿದ್ದು. ಎರಡು ವರ್ಷ ಚಂದ. ಆಮ್ಯಾಲ ಲೇಪ ಒಳಗಿಂದ ಹಕ್ಕಳಿ ಎದ್ದು ಗನ್ನಿನ ಬಾಯಿಗೆ ಸಿಗತೈತಿ. ಇದು ತಾಮ್ರ. ತುಕ್ಕಿಲ್ಲ, ಹಗುರ, ಬಗ್ಗಿಸಿದಂಗ ಬಗ್ಗತೈತಿ."

"ಹಂಗಾದ್ರ ತಾಮ್ರ," ಎಂದು ಮರಿಬಸಪ್ಪ ಎದ್ದು ಒಳಗೆ ಹೋಗಿದ್ದ. ಹರಾಜಿನ ಸಾಮಾನಿನ ಅಡಿಯಲ್ಲಿ, ಪಟ್ಟಿಯಲ್ಲಿ ಇಲ್ಲದ ತಾಮ್ರದ ಪೈಪಿನ ಒಂದು ಕಟ್ಟು ಬಂದಿತ್ತು. ಒಂದೊಂದರ ಮೇಲೂ ಮಿಲಿಟರಿಯ ಬಾಣದ ಗುರುತು. ಅದು ಕೋಣೆಯಲ್ಲಿ ಕೊಳೆಯುವುದಕ್ಕಿಂತ ಗೋಡೆಗೇರಲಿ ಎಂಬ ಲೆಕ್ಕ ಅವನದು.

ನಾಲ್ಕನೆಯ ತುಂಡಿನ ಮಾತನ್ನು ಕೇಳಿದವನು ಓಬಳೇಶ ಒಬ್ಬನೇ. ಸುಂಕಣ್ಣ ಅದನ್ನು ಕೈಯಿಂದ ಮುಟ್ಟಲೂ ಇಲ್ಲ, ಕಾಲಿನಿಂದ ಕಟ್ಟೆಯ ಕೆಳಗೆ ತಳ್ಳಿದ. "ಇದು ಬೀಡು, ನೆಪ್ಪಿಡು. ನೀರಿಗೆ ಸೈ. ನೀರು ತುಂಬಿ ಒಡದ್ರ ನೆಲ ಒದ್ದಿ ಆಗತೈತಿ ಅಷ್ಟ. ಗಾಳಿ ತುಂಬಿ ಒಡದ್ರ ಚೂರು ಚೂರಾಗಿ ಹಾರತೈತಿ. ಎದುರಿಗೆ ನಿಂತಾವನ ಕುತ್ತಿಗಿ ಹುಡುಕ್ಕೊಂಡು ಹೋಗತೈತಿ."

ಚಂದ್ರಣ್ಣನ ಕುತ್ತಿಗೆಯನ್ನೇ ಹುಡುಕಿಕೊಂಡು ಹೋಗಿತ್ತು.

ಅದರ ಮರುವಾರವೇ ಓಬಳೇಶ ತುಂಗಭದ್ರಾ ಡ್ಯಾಮಿನ ಕೆಲಸಕ್ಕೆ ಹೋಗಿದ್ದ, ಬಂಡೆ ಕೊರೆಯುವ ಮಷಿನ್ನುಗಳಿಗೆ ಗಾಳಿ ಪೈಪು ಕೂಡಿಸಲು. ಇಲ್ಲಿ ಯಾವ ಪೈಪು ಗೋಡೆ ಏರಿತೆಂದು ಕಣ್ಣಾರೆ ಕಂಡಿರಲಿಲ್ಲ.

"ಇಲ್ಲಿ ತಾಮ್ರ ಇತ್ತು, ಧಣಿ."

"ಇರಲಿಲ್ಲ. ಮೊದಲಿಂದ ಇದ ಇತ್ತು."

ಓಬಳೇಶನ ಅಂಗೈ ನಿಂತಿತು. ಸುಣ್ಣದ ಕೆಳಗೆ ಸಣ್ಣ ಉಬ್ಬು. ಉಗುರಿನಿಂದ ಕೆರೆದ. ಮುಚ್ಚಿದ ತೂತು, ಹೊಸ ಗಾರೆ. ಒಂದು ಮಾರು ಆಚೆ ಇನ್ನೊಂದು, ಅದು ಬೆರಳಗಲ ಕೆಳಗೆ. ಅದರಾಚೆ ಮತ್ತೊಂದು, ಇನ್ನೂ ಬೆರಳಗಲ ಕೆಳಗೆ. ಟ್ಯಾಂಕಿನಿಂದ ದೂರ ಹೋದಂತೆಲ್ಲ ಇಳಿಯುವ ಸಾಲು. ಇದು ಅಣ್ಣನ ಕೈ. ಬಿಸಿ ಗಾಳಿ ತಣ್ಣಗಾದಾಗ ಪೈಪಿನೊಳಗೆ ನೀರು ಬಿಡುತ್ತದೆ. ಆ ನೀರು ಕೊನೆಯ ತುದಿಗೆ ಹರಿದು ಅಲ್ಲಿನ ಪುಟ್ಟ ನಲ್ಲಿಯಿಂದ ಹೊರಗೆ ಬೀಳಲೆಂದು ಸುಂಕಣ್ಣ ಯಾವಾಗಲೂ ಇಳಿಜಾರು ಕೊಡುತ್ತಿದ್ದ.

ಈಗಿನ ಕೊಕ್ಕೆಗಳೋ ದಾರ ಹಿಡಿದು ಹೊಡೆದಷ್ಟು ಸಮ. ಕೊನೆಯಲ್ಲಿ ನಲ್ಲಿಯೂ ಇಲ್ಲ. ಗಾಳಿಯ ಗಂಧವೇ ಗೊತ್ತಿಲ್ಲದವನ ಕೆಲಸ.

ಮೂರನೆಯ ತೂತಿನ ಕೆಳಗೆ ಇನ್ನಷ್ಟು ಕೆರೆದ. ಸುಣ್ಣದ ಪದರದ ನಡುವೆ ಹಸಿರು ಕಲೆ ಎದ್ದಿತು, ತೊಳೆಯದ ಪಂಚಪಾತ್ರೆಗೆ ಹಿಡಿಯುವ ಕಿಲುಬಿನ ಹಸಿರು.

"ಬೀಡು ಕಬ್ಬಿಣ ಯಾವಾಗಿಂದ ಕಿಲುಬು ಬಿಡಾಕ ಹತ್ತೇತಿ, ಧಣಿ?"

ಮರಿಬಸಪ್ಪ ಗಡಿಯಾರದ ಮುಚ್ಚಳ ಟಪ್ಪೆಂದು ಮುಚ್ಚಿದ. "ಹದಿನೈದು ನಿಮಿಷ ಆತು."

"ಎಂಟೂ ಆಗಿಲ್ಲ."

"ಗಡಿಯಾರ ನಂದು. ಶೆಡ್ಡೂ ನಂದು. ನಡಿ."

*

ಹೆಡ್ ಕಾನ್‌ಸ್ಟೇಬಲ್ ಕೊಟ್ಟೂರಪ್ಪ ಓಬಳೇಶನ ಓಣಿಯವನೇ. ಠಾಣೆಯ ಹಿಂದಿನ ಬೇವಿನ ಮರದ ಕೆಳಗೆ ನಿಂತು ಎಲೆ ಅಡಿಕೆ ಮೆಲ್ಲುತ್ತ ಎಲ್ಲವನ್ನೂ ಕೇಳಿದ. ಆಮೇಲೆ ಉಗುಳಿದ.

"ಕಿಲುಬು ತೋರ್ಸಿ ಅಣ್ಣನ್ನ ಬಿಡಿಸ್ತೀಯೇನಲೇ? ತಾಮ್ರ ಹಾಕಿದಾವನೂ ಅವನ, ತೆಗೆದಾವನೂ ಅವನ ಅಂತಾರ ಸಾಹೇಬ್ರು. ಮುಗೀತು."

"ತೆಗೆದ ತಾಮ್ರ ಎಲ್ಲಿ ಹೋತು, ಮಾವ?"

"ನನಗೇನು ಗೊತ್ತು. ನಾನು ನುಂಗಿಲ್ಲ."

"ಚಂದ್ರಣ್ಣನ ಮೈಮ್ಯಾಲ ಏನೇನು ಸಿಕ್ಕಿತ್ತು?"

"ಬೀಗದ ಕೈ. ಹಣಿಗಿ. ಒಂದು ಚೀಟಿ. ಚೀಟಿ ಅವನ ಊರಿಂದು, ಹೊಲದ ಸುದ್ದಿ."

"ಒಂದು ಸಲ ತೋರ್ಸ್ರಿ."

ಕೊಟ್ಟೂರಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಮುಳುಗುವವನು ಕಡ್ಡಿ ಕೇಳಿದರೆ ಕೊಟ್ಟವನಿಗೇನು ನಷ್ಟ ಎಂಬಂತೆ ಒಳಗೆ ಹೋಗಿ ತಂದ. ಅಂಗೈಗಿಂತ ಚಿಕ್ಕ ಕಾಗದ. ಮಸಿಯಲ್ಲಿ ಬರೆದ ಎರಡು ಸಾಲು. ಸಹಿ ಇಲ್ಲ, ಹೆಸರಿಲ್ಲ.

ರಾಗಿ ತೆಗೆದೆ.
ಬೀಡು ಹಾಕಿದೆ.

"ಚಂದ್ರಣ್ಣ ತುಮಕೂರು ಕಡ್ಯಾಂವ, ರಾಗಿ ಉಣ್ಣೋ ಸೀಮಿ," ಎಂದ ಕೊಟ್ಟೂರಪ್ಪ. "ರಾಗಿ ಕೊಯ್ದೆ, ಹೊಲ ಬೀಡು ಬಿಟ್ಟೆ, ಬಿತ್ತಿಲ್ಲ ಅಂತ ಅವರ ಮನಿಯವರು ಬರದಾರ. ಸಾಹೇಬ್ರು ಹಂಗ ಬರಕೊಂಡ್ರು. ಅವರು ಮಂಗಳೂರಿನವರು, ಅವರಿಗೆ ಜೋಳಾನೂ ಒಂದ, ರಾಗೀನೂ ಒಂದ."

ಓಬಳೇಶ ಚೀಟಿಯನ್ನು ಎರಡು ಸಲ ಓದಿದ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಓದುವಾಗ ತುಟಿ ಅಲ್ಲಾಡುತ್ತಿದ್ದವು.

"ಹೊಲಾನ ಬೀಡು ಬಿಡ್ತಾರ, ಮಾವ. ಬೀಡು ಹಾಕ್ತಾರೇನು?"

"ಅವರ ಕಡೆ ಹಂಗ ಅಂತಿರಬೇಕು."

"ನಿಮ್ಮ ಅತ್ತಿ ಆದೋನಿಯವರಲ್ಲ? ಬಚ್ಚಲದಾಗ ನೀರು ಕಾಸೋ ಹಂಡೆಗೆ ಏನಂತಾರ ಅವರು?"

"ಅದಕ್ಕೂ ಇದಕ್ಕೂ ಏನಲೇ. ರಾಗಿ ಹಂಡೆ ಅಂತಾರ. ತೆಲುಗು ಮಂದಿ ತಾಮ್ರಕ್ಕ ರಾಗಿ ಅಂತ..."

ಕೊಟ್ಟೂರಪ್ಪನ ದವಡೆ ನಿಂತಿತು. ಎಲೆಯ ರಸ ತುಟಿಯ ಅಂಚಿನಿಂದ ಇಳಿಯಿತು, ಒರೆಸಿಕೊಳ್ಳಲಿಲ್ಲ.

ತಾಮ್ರ ತೆಗೆದೆ. ಬೀಡು ಕಬ್ಬಿಣ ಹಾಕಿದೆ.

ಬಳ್ಳಾರಿಯಲ್ಲಿ ಹುಟ್ಟಿದ ಯಾವನಿಗಾದರೂ ಗೊತ್ತಿರುವ ಮಾತು. ಹತ್ತೊಂಬತ್ತು ದಿನ ಠಾಣೆಯ ಕಪಾಟಿನಲ್ಲಿ ಎಲ್ಲರ ಕಣ್ಣೆದುರಿಗೆ ಬಿದ್ದುಕೊಂಡಿತ್ತು. ಸತ್ತವನ ಊರು ನೋಡಿದರು, ಸತ್ತ ಜಾಗ ನೋಡಲಿಲ್ಲ.

"ನಿಮ್ಮಣ್ಣನ ಬರದಾನ ಅಂದಂಗಾತು," ಎಂದ ಕೊಟ್ಟೂರಪ್ಪ ಮೆಲ್ಲಗೆ.

"ಅಣ್ಣಗ ಸಹಿ ಮಾಡಾಕೂ ಬರಲ್ಲ. ಹೆಬ್ಬೆಟ್ಟು. ಈ 'ಡು' ನೋಡ್ರಿ. ತಲಿಕಟ್ಟು ನಮ್ಮಂಗ ಅಡ್ಡ ಎಳದಿಲ್ಲ, ಮಾಸ್ತರು ಸರಿ ಅಂತ ಗೀಚಿದಂಗ ಮ್ಯಾಲಕ್ಕ ಎತ್ತ್ಯಾನ. ಇದು ತೆಲುಗು ಸಾಲಿ ಕಲ್ತ ಕೈ. ತಾಮ್ರ ಕೊಳ್ಳೋ ಮಂದಿಯೊಳಗ ಅಣ್ಣಗ ಗುರುತಿನಾವ ಒಬ್ಬನ. ಕುರುಗೋಡು ಜೋಗಪ್ಪ."

ಕೊಟ್ಟೂರಪ್ಪ ಚೀಟಿಗೆ ಕೈ ಚಾಚಿದ. ಓಬಳೇಶ ಕೊಡಲಿಲ್ಲ.

"ಸಂಜಿ ಐದರೊಳಗ ಇದು ಕಪಾಟಿನ್ಯಾಗ ಇರಬೇಕು," ಎಂದ ಕೊಟ್ಟೂರಪ್ಪ ಕೊನೆಗೆ. "ಇಲ್ಲಾಂದ್ರ ನಿಮ್ಮಣ್ಣನ ಮಗ್ಗಲದಾಗ ನನಗೂ ಒಂದು ಚಾಪಿ ಹಾಸು."

*

ಕುರುಗೋಡಿನಲ್ಲಿ ದೊಡ್ಡಬಸವಣ್ಣನ ಗುಡಿಯ ಹಿಂದಿನ ಓಣಿಗೆ ತಿರುಗಿದರೆ ಸಾಕು, ಜೋಗಪ್ಪನ ಸುತ್ತಿಗೆಯೇ ದಾರಿ ತೋರಿಸುತ್ತಿತ್ತು. ಮುದುಕ ಕೊಡದ ಕಂಠ ಬಡಿಯುತ್ತಿದ್ದ. ಹೆಂಡತಿ ಪಕ್ಕೀರಮ್ಮ ತಿದಿ ಒತ್ತುತ್ತಿದ್ದಳು.

"ಬಾರಪ್ಪಾ, ಸುಂಕಣ್ಣನ ತಮ್ಮ ಅಲ್ಲ? ಅಣ್ಣನ ಸುದ್ದಿ ಕೇಳಿದಾಗಿಂದ ನನಗ ನಿದ್ದಿ ಇಲ್ಲ."

"ನಿದ್ದಿ ಇರದಿದ್ರೂ ತಾಮ್ರಕ್ಕೇನು ಬರ ಇಲ್ಲಲ್ಲ, ಕಾಕಾ."

ಸುತ್ತಿಗೆ ಒಂದು ಏಟು ತಪ್ಪಿತು. "ಹಳೇ ಕೊಡ ಕೊಡ್ತಾರ, ಹೊಸದು ಮಾಡಿ ಕೊಡ್ತೀನಿ. ಅಷ್ಟ ನನ್ನ ಕಸುಬು."

ಓಬಳೇಶ ಮೊಣಕಾಲೂರಿ ಕೊಡವನ್ನು ತನ್ನ ಕಡೆ ತಿರುಗಿಸಿದ. ಕಂಠದ ಕೆಳಗೆ, ಅರ್ಧ ಬಡಿದು ಅಳಿಸಿದ, ಅರ್ಧ ಉಳಿದ ಒಂದು ಗುರುತು.

"ಈ ಬಾಣ ಯಾವ ದೇವರ ಮನಿಂದು?"

"ನಾನು ಗುರುತು ಕೇಳಾಂವ ಅಲ್ಲಪ್ಪ."

"ಇದನ್ನಾದ್ರೂ ಗುರುತು ಹಿಡಿ." ಚೀಟಿಯನ್ನು ಅಡಿಗಲ್ಲಿನ ಮೇಲೆ ಇಟ್ಟ. "ಇದು ನಿನ್ನ ಕೈ."

"ಕಾದು," ಎಂದ ಜೋಗಪ್ಪ ತನ್ನ ತೆಲುಗಿನಲ್ಲಿ. ಅಲ್ಲ.

"ಔನು," ಎಂದಳು ಪಕ್ಕೀರಮ್ಮ, ತಿದಿ ನಿಲ್ಲಿಸದೆ. ಹೌದು.

ಗಂಡ ಹೆಂಡತಿಯನ್ನು ನೋಡಿದ. ಅವಳು ಬೆಂಕಿಯನ್ನು ನೋಡುತ್ತಿದ್ದಳು.

"ನಿನಗ ಯಾರು ಕೇಳಿದ್ರು?"

"ನೀವು ನಿದ್ದಿ ಇಲ್ಲಂತೀರಿ. ನಿಮ್ಮ ಮಗ್ಗಲದಾಗ ಮಲಗಾಕಿ ನಾನು. ನನಗೂ ಇಲ್ಲ."

ಓಬಳೇಶನ ಕೈ ಮುದುಕನ ಅಂಗಿಯ ಕೊರಳಿಗೆ ಯಾವಾಗ ಹೋಯಿತೋ. ಎಳೆದು ನಿಲ್ಲಿಸಿದ್ದ. "ನಮ್ಮಣ್ಣನ್ನ ನೇಣಿಗೆ ಹಾಕಾಕ ಹೊಂಟಾರ. ನೀನು ಇಲ್ಲಿ ಕುಂತು ಕೊಡ ಬಡೀತಿ. ಯಾರು ತಂದು ಕೊಟ್ರು ಈ ತಾಮ್ರ?"

"ಸುಂಕಣ್ಣನ," ಎಂದ ಜೋಗಪ್ಪ.

ಕೈ ಸಡಿಲಾಯಿತು.

"ಸುಳ್ಳು."

"ಬಸ್ಸಿನ ಮ್ಯಾಲ ಗೋಣಿತಟ್ಟು ಸುತ್ತಿ ಹಾಕ್ಕೊಂಡು ಬಂದ. ಚಂದ್ರಣ್ಣ ಸಾಯೋ ಹಿಂದಿನ ದಿನ. ಮಿಲಿಟರಿ ಸಾಮಾನು ಯಾರ್‍ಯಾರ ಮನ್ಯಾಗ ಐತಿ ಅಂತ ನೋಡಾಕ ಮದ್ರಾಸಿನಿಂದ ಯಾರೋ ಬರ್ತಾರಂತ. ತಾಮ್ರ ಶೆಡ್ಡಿನ್ಯಾಗ ಇರಬಾರದು, ಗ್ವಾಡಿ ಬರಿದೂ ಕಾಣಬಾರದು ಅಂತ ಧಣಿ ಹೇಳಿದನಂತ. ಹಿತ್ತಲದಾಗ ಬಿದ್ದಿದ್ದ ಬೀಡು ಪೈಪು ಗ್ವಾಡಿಗೆ ಏರ್ಸಿ ಬಂದೀನಿ ಅಂದ. ಬಂದು ಹೋದವರಿಗೆ ತೋರ್ಸಾಕ ಅಷ್ಟ."

ತೋರಿಸುವುದಕ್ಕೆ. ಓಬಳೇಶ ಅಡಿಗಲ್ಲಿನ ಪಕ್ಕ ಕುಸಿದು ಕುಳಿತ. ಅದಕ್ಕೇ ಇಳಿಜಾರಿಲ್ಲ, ಅದಕ್ಕೇ ನಲ್ಲಿ ಇಲ್ಲ. ಗಾಳಿ ಗೊತ್ತಿಲ್ಲದವನ ಕೆಲಸವಲ್ಲ ಅದು. ಗಾಳಿ ಹೋಗುವುದೇ ಇಲ್ಲ ಎಂದುಕೊಂಡವನ ಕೆಲಸ. ಅಣ್ಣ ಸುಳ್ಳು ಹೇಳಿರಲಿಲ್ಲ. ಬೀಡು ಹಾಕಿದವನು ಅವನೇ.

"ಚೀಟಿ ಯಾರಿಗೆ?"

"ಧಣಿಗೆ. ತಾಮ್ರ ಮುಟ್ಟಿದ ಮ್ಯಾಲ ನಿಶಾನಿಗೆ ಒಂದು ಚೀಟಿ ತಾ ಅಂದಿದ್ದನಂತ. ಸುಂಕಣ್ಣ ಹೇಳಿದ, ನಾನು ಬರದೆ. ನಮ್ಮ ಮನ್ಯಾಗ ತಾಮ್ರಕ್ಕ ರಾಗಿ ಅನ್ನೋದು. ಹಂಗ ಬರದೆ." ಜೋಗಪ್ಪ ಚೀಟಿಯನ್ನು ಕೈಗೆತ್ತಿಕೊಂಡ. ಬೆಳಕಿಗೆ ಹಿಡಿದ. ಹಿಂದೆ ತಿರುಗಿಸಿ ನೋಡಿದ. "ಉಳಿದದ್ದು ಎಲ್ಲಿ?"

"ಏನು ಉಳಿದದ್ದು?"

"ಮೂರು ಸಾಲು ಬರದಿದ್ದೆನಪ್ಪ ನಾನು. ಇಲ್ಲಿ ಎರಡ ಅದಾವ."

ಪಕ್ಕೀರಮ್ಮನ ತಿದಿ ನಿಂತಿತು.

"ಮೂರನೇದು ಏನು?" ಎಂದ ಓಬಳೇಶ.

"ನಾನು ಬರೋತನಕ ಗಾಳಿ ಬಿಡಬ್ಯಾಡ್ರಿ."

ಕಾಗದದ ಕೆಳಗಿನ ಅಂಚನ್ನು ಓಬಳೇಶ ಈಗ ನೋಡಿದ. ಮೇಲಿನದು ಕತ್ತರಿ ಹಾಕಿದಂತೆ ನೆಟ್ಟಗೆ. ಕೆಳಗಿನದು ಮಡಚಿ, ಎಂಜಲು ಹಚ್ಚಿ, ಎಳೆದು ಹರಿದದ್ದು.

ಅಣ್ಣ ಎಚ್ಚರಿಕೆ ಕಳಿಸಿದ್ದ. ಒಂದೇ ಒಂದು ಸಾಲು ಉಳಿದಿದ್ದರೆ ಚಂದ್ರಣ್ಣ ಬದುಕುತ್ತಿದ್ದ. ಪಾಪ, ರಾಗಿ ಉಂಡು ಬೆಳೆದವನು. ಕೈಗೆ ಸಿಕ್ಕ ಎರಡು ಸಾಲನ್ನು ಊರಿನ ಸುದ್ದಿ ಅಂದುಕೊಂಡು ಜೇಬಿಗೆ ಹಾಕಿಕೊಂಡು ಗಾಳಿ ಬಿಟ್ಟ. ಚೀಟಿ ಧಣಿಗೆ ಹೋದದ್ದು. ಹರಿದವನು ಧಣಿಯೇ. ಬೇರೆ ಯಾರು? ಯಾಕೆ ಹರಿದ, ತನ್ನ ಬಸ್ಸಿಗೆ ಬಣ್ಣ ಹೊಡೆಯುವವನು ಸತ್ತರೆ ಅವನಿಗೇನು ಲಾಭ ಎಂದು ಕೇಳಿಕೊಳ್ಳುವ ತಾಳ್ಮೆ ಓಬಳೇಶನಲ್ಲಿ ಇರಲಿಲ್ಲ. ಮೂರು ವಾರದಿಂದ ಎದೆಯಲ್ಲಿ ಕುದಿಯುತ್ತಿದ್ದುದಕ್ಕೆ ಒಂದು ಮುಖ ಸಿಕ್ಕಿತ್ತು. ಅದು ಗಡಿಯಾರ ಹಿಡಿದ ಮುಖ. ಸಾಕು.

"ಏಳು ಕಾಕಾ. ಬಳ್ಳಾರಿಗೆ ಬಾ. ಮೂರು ಸಾಲು ಬರದೆ ಅಂತ ಠಾಣ್ಯಾಗ ಹೇಳು."

"ಬಾಣದ ತಾಮ್ರ ಇಟ್ಟಕೊಂಡಾನಂತ ನನ್ನೂ ಒಳಗ ಹಾಕತಾರ."

"ಹಾಕಲಿ."

"ಲೇ, ಈ ವಯಸಿನ್ಯಾಗ..."

"ಹೋಗ್ರಿ," ಎಂದಳು ಪಕ್ಕೀರಮ್ಮ. "ನಿಮಗ ಆರು ತಿಂಗಳು ಹಾಕಿಯಾರು. ರೊಟ್ಟಿ ಕಟ್ಟಿಕೊಂಡು ನಾನು ಬರ್ತೀನಿ. ಆ ಹಂಪಕ್ಕ ಯಾರಿಗೆ ರೊಟ್ಟಿ ಕಟ್ಟಬೇಕು?"

ಜೋಗಪ್ಪ ಸುತ್ತಿಗೆ ಕೆಳಗಿಟ್ಟು, ಮೊಳೆಗೆ ನೇತುಹಾಕಿದ್ದ ರುಮಾಲು ತೆಗೆದುಕೊಂಡ.

ಬಸ್ಸಿನಲ್ಲಿ ಓಬಳೇಶ ಅವನಿಗೆ ಒಂದೇ ಮಾತು ಹೇಳಿಕೊಟ್ಟ, ಮತ್ತೆ ಮತ್ತೆ ಹೇಳಿಕೊಟ್ಟ. "ಏನು ಕೇಳಿದ್ರೂ ಖರೇ ಹೇಳು. ಒಂದನ್ನೂ ಮುಚ್ಚಬ್ಯಾಡ."

*

ಮುದುಕನನ್ನೂ ಚೀಟಿಯನ್ನೂ ಕೊಟ್ಟೂರಪ್ಪನ ಕೈಗೆ ಒಪ್ಪಿಸಿ, ಓಬಳೇಶ ಜೈಲಿಗೆ ಓಡುತ್ತಲೇ ಬಂದ. ಚೀಟಿಯನ್ನು ಅಣ್ಣ ಧಣಿಗೆ ಯಾರ ಕೈಯಲ್ಲಿ ಕೊಟ್ಟನೆಂಬುದು ಒಂದು ಗೊತ್ತಾದರೆ ನಾಳೆ ವಕೀಲರ ಕೈಗೆ ಎಲ್ಲ ಸಿಕ್ಕಂತೆ.

ಸುಂಕಣ್ಣ ಸರಳಿನ ಆಚೆ ಬಂದು ನಿಂತ. ಗಡ್ಡ ಬೆಳೆದಿತ್ತು. ಬೆರಳುಗಳು ಮಾತ್ರ ಹಾಗೇ ಇದ್ದವು, ಎಣ್ಣೆಯ ಕಪ್ಪು ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿತ್ತು.

ಓಬಳೇಶ ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಹೇಳಿದ. ಕಿಲುಬು, ರಾಗಿ, ಕುರುಗೋಡು, ಮೂರನೆಯ ಸಾಲು. ಹೇಳುತ್ತ ಹೇಳುತ್ತ ನಗುತ್ತಿದ್ದ. ಹತ್ತೊಂಬತ್ತು ದಿನದಲ್ಲಿ ಮೊದಲನೆಯ ನಗೆ.

ಸುಂಕಣ್ಣ ನಗಲಿಲ್ಲ. "ಜೋಗಪ್ಪ ಈಗ ಎಲ್ಲಿ?"

"ಠಾಣ್ಯಾಗ. ಹೇಳಿಕಿ ಕೊಡಾಕ ಹತ್ತ್ಯಾನ."

ಸುಂಕಣ್ಣ ಕಣ್ಣು ಮುಚ್ಚಿದ.

"ಅವನ್ನ ಕರಕೊಂಡು ಬಾ ಅಂತ ನಿನಗ ಯಾರು ಹೇಳಿದ್ರು, ಓಬಳೇಶ?"

"ಯಾರು ಹೇಳಬೇಕಣ್ಣ? ಆ ಸಾಲು ಹರದಾವ ಧಣಿ. ನಾಳೆ ಕೋರ್ಟಿನ್ಯಾಗ..."

"ಧಣಿ ಹರೀಲಿಲ್ಲ. ಆ ಚೀಟಿ ಧಣಿ ಕಣ್ಣಿಗೆ ಬೀಳಲೇ ಇಲ್ಲ."

"ಮತ್ತ ಯಾರು?"

"ನನಗ ಓದಾಕ ಬರಲ್ಲ ಖರೇ," ಎಂದ ಸುಂಕಣ್ಣ. ಮಾತು ಮರೆತವನಂತೆ ಒಂದೊಂದೇ ಶಬ್ದ ಹುಡುಕಿ ಇಡುತ್ತಿದ್ದ. "ಆದ್ರ ಅವನು ಬರಿಯೋದು ನೋಡ್ಕೊಂತ ಕುಂತಿದ್ದೆ. ಕೊನೀ ಸಾಲು ಯಾವದು ಅಂತ ತಿಳಿಯಾಕ ಸಾಲಿ ಕಲೀಬೇಕೇನು?"

ಓಬಳೇಶನ ಕೈ ಸರಳನ್ನು ಹಿಡಿಯಿತು.

"ಜೋಗಪ್ಪಗ ಹೇಳಿ ಬರಸಿದಾಗ ಖರೇನ ಬರಸಿದ್ದೆ. ಗಾಳಿ ಬಿಡಬ್ಯಾಡ್ರಿ ಅಂತ. ಬಸ್ಸು ಕೋಳೂರು ದಾಟಿದ ಮ್ಯಾಲ ಮನಸು ತಿರುಗಿತು. ಹರದೆ. ಕಿಡಿಕಿಯಿಂದ ಬಿಟ್ಟೆ. ಉಳಿದದ್ದು ಶೆಡ್ಡಿನ ಬಾಗಿಲಿಗೆ ಸಿಗಿಸಿ ಮನಿಗೆ ಹೋದೆ. ದಿನಾ ಮುಂಜಾನಿ ಬಾಗಿಲು ತೆಗಿಯಾಂವ ಧಣಿ. ಗಾಳಿ ವಾಲ್ವು ತಿರುವಾಂವಾನೂ ಧಣಿ. ಬ್ಯಾರೆಯವರ ಕೈ ತಾಗಾಕ ಬಿಡ್ತಿರಲಿಲ್ಲ." ನಿಲ್ಲಿಸಿದ. "ಅವತ್ತ ಅವನ ಇನ್ನೊಂದು ಬಸ್ಸು ಸಿರುಗುಪ್ಪದಾಗ ಕೆಟ್ಟು ನಿಲ್ಲಬೇಕಾ. ಬೆಳಗಾಗೋದ್ರೊಳಗ ಅವನು ಅಲ್ಲಿಗೆ ಹೋಗಿದ್ದ. ಬೀಗದ ಕೈ ಇಸಕೊಂಡು ಶೆಡ್ಡಿಗೆ ಬಂದಾವ ಚಂದ್ರಣ್ಣ."

"ಅಣ್ಣ."

"ಗನ್ನಿನ ಸಲುವಾಗಿ ಒಂದು ಮಾತು ಬಂದಿತ್ತು ನಮ್ಮಿಬ್ಬರಿಗೆ. ಮರುದಿನ ಕೂಡಿ ಉಂಡಿದ್ವಿ. ಅವನು ಸಾಯಬೇಕಾದಾವ ಅಲ್ಲ."

"ಧಣಿ ನಿನಗ ಏನು ಮಾಡಿದ್ದ?"

ಸುಂಕಣ್ಣ ತಮ್ಮನ ಮುಖವನ್ನು ನೋಡಿದ.

"ಅದನ್ನ ಹೇಳೋದಿದ್ರ ಇಷ್ಟು ದಿನ ಬಾಯಿ ಹೊಲಕೊಂಡು ಯಾಕ ಕುಂದ್ರತಿದ್ದೆ? ಹಂಪಕ್ಕನ ಮುಂದ ಆ ಧಣಿ ಹೆಸರು ಎತ್ತಬ್ಯಾಡ. ಇದೊಂದು ನಡಸಿಕೊಡು."

ವಾರ್ಡರು ಹೊತ್ತಾಯಿತೆಂದು ಲಾಠಿಯಿಂದ ಸರಳು ತಟ್ಟಿದ. ಸುಂಕಣ್ಣ ತಿರುಗಿ ನಡೆದ.

ಹೊರಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಎದುರಿನ ಗುಡ್ಡದ ಬಂಡೆಗಳು ಕಾದು ನಿಂತಿದ್ದವು. ಓಬಳೇಶ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಜೈಲಿನ ಗೋಡೆಯ ನೆರಳಿನಲ್ಲಿ ನಿಂತ. ಹಂಪಕ್ಕನ ಹೆಸರು ತಲೆಯಲ್ಲಿ ಕುಟ್ಟುತ್ತಿತ್ತು. ಬೇಡವೆಂದರೂ ಕುಟ್ಟುತ್ತಿತ್ತು.

ಕೊಟ್ಟೂರಪ್ಪ ಸೈಕಲ್ ತುಳಿಯುತ್ತ ಬಂದು ಒಂದು ಕಾಲು ನೆಲಕ್ಕೂರಿ ನಿಂತ. ಮುಖದ ತುಂಬ ಬೆವರು, ಬೆವರಿನ ತುಂಬ ಖುಷಿ.

"ಆತಲೇ. ಮೂರೂ ಸಾಲು ಬರಕೊಂಡ್ರು. ಮುದುಕ ಸಹಿ ಹಾಕಿದ. ಸಾಹೇಬ್ರು ಕುರ್ಚಿ ಬಿಟ್ಟು ಎದ್ದು ನಿಂತು ಕೇಳಿದ್ರು ನೋಡು."

"ಏನು ಕೇಳಿದ್ರು?"

"ಬರದ ಮ್ಯಾಲ ಚೀಟಿ ಯಾರ ಕೈಗೆ ಕೊಟ್ಟಿ ಅಂತ. ಸುಂಕಣ್ಣನ ಕೈಗೆ ಅಂದ. ಒಂದನ್ನೂ ಮುಚ್ಚಬ್ಯಾಡ ಅಂತ ನೀನ ಹೇಳಿದ್ದೆಂತಲ್ಲ."

ಓಬಳೇಶ ಜೈಲಿನ ಬಾಗಿಲ ಕಡೆ ತಿರುಗಿ ನೋಡಿದ.

"ನೀನೆಲ್ಲಿ ಅಂತಾನೂ ಕೇಳಿದ್ರು. ಸಾಲು ಹರದಾವ ಯಾರು ಅಂತ ಅಣ್ಣನ್ನ ಕೇಳಾಕ ಜೈಲಿಗೆ ಹೋಗ್ಯಾನ ಅಂದೆ ನಾನು." ಕೊಟ್ಟೂರಪ್ಪ ಅವನ ಮುಖವನ್ನು ಈಗ ಸರಿಯಾಗಿ ನೋಡಿದ. ಖುಷಿ ಮೆಲ್ಲಗೆ ಇಳಿಯಿತು. "ಯಾಕಲೇ, ಹಂಗ ಯಾಕ ನಿಂತಿ? ಸೈಕಲ್ ಹತ್ತು. ರೈಟರು ಕಾಗದ ಹಾಸಿಕೊಂಡು ಕಾಯಾಕ ಹತ್ತ್ಯಾನ. ನಿಮ್ಮಣ್ಣ ಏನಂದ ಅನ್ನೋದನ್ನ ನಿನ್ನ ಬಾಯಿಂದನ ಬರಕೋಬೇಕಂತ."